ಜೋರಾಗಿ ಕೂಗುತ್ತದೆ, ಆದರೆ ಎಳೆಯುವುದಿಲ್ಲ

ಮಂಚದ ಪಕ್ಕ ನೆಲದ ಮೇಲೆ ಒಂದು ಉದ್ದನೆಯ ಕೂದಲು ಬಿದ್ದಿತ್ತು. ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಯನ್ನು ಅದರ ಮೇಲೆ ಒಮ್ಮೆ ಆಡಿಸಿದೆ. ಕೂದಲು ಅಲ್ಲೇ ಇತ್ತು. ಇನ್ನೊಮ್ಮೆ ಆಡಿಸಿದೆ. ಸ್ವಲ್ಪ ಜರುಗಿತು, ಅಷ್ಟೆ. ಕೊನೆಗೆ ಬಗ್ಗಿ ಕೈಯಿಂದಲೇ ಎತ್ತಿ ಮಷೀನಿನ ಬಾಯಿಗೆ ಹಿಡಿದೆ. ಆಗಲೂ ಒಳಗೆ ಹೋಗಲಿಲ್ಲ. ತುದಿ ಮಾತ್ರ ಅಲ್ಲಾಡುತ್ತಾ ನಿಂತಿತ್ತು. ಇಷ್ಟಾದರೂ ಮಷೀನು ಮನೆಯೆಲ್ಲ ಕೇಳುವ ಹಾಗೆ ಕೂಗುತ್ತಲೇ ಇತ್ತು.

ನಮ್ಮ ಹಿಂದಿನ ಮಷೀನಿನ ಕಥೆಯೂ ಹೀಗೇ ಮುಗಿದಿತ್ತು. ಒಂದು ಸಲ ಆಡಿಸಿದರೆ ಸಾಕಾಗುತ್ತಿದ್ದ ಜಾಗಕ್ಕೆ ಎರಡು ಸಲ ಬೇಕಾಯಿತು. ಆಮೇಲೆ ನಾಲ್ಕು ಸಲ. ಆಮೇಲೆ ಮೊದಲು ಪೊರಕೆಯಲ್ಲಿ ಗುಡಿಸಿ, ನಂತರ ಮಷೀನು ಹಾಕುವ ಸ್ಥಿತಿಗೆ ಬಂತು. ಮೋಟಾರ್ ಸುಸ್ತಾಗಿದೆ ಅಂದುಕೊಂಡೆವು. ಐದು ವರ್ಷ ದುಡಿದಿದೆ, ಇನ್ನೆಷ್ಟು ದಿನ ಬಂದೀತು ಅಂತ ನಾನೇ ಹೇಳಿದ್ದೆ. ಗುಜರಿಗೆ ಹಾಕಿ ಹೊಸದು ತಂದೆವು. ಈಗ ಆ ಹೊಸದಕ್ಕೆ ಮೂರು ವರ್ಷ ತುಂಬಿದೆ, ಮತ್ತೆ ಅದೇ ಕಥೆ. ಈ ಸಲ ಮಾತ್ರ ನನ್ನೊಳಗೆ ಒಂದು ಅನುಮಾನ ಹುಟ್ಟಿತು. ಎರಡು ಬೇರೆ ಬೇರೆ ಮಷೀನುಗಳು, ಒಂದೇ ಮನೆಯಲ್ಲಿ, ಒಂದೇ ರೀತಿ ಸೋಲುತ್ತವೆ ಅಂದರೆ ಏನರ್ಥ? ಹಿಂದಿನದನ್ನು ನಾವು ಎಸೆದಾಗ ಅದು ನಿಜವಾಗಿಯೂ ಹೋಗಿತ್ತಾ? ಆ ಪ್ರಶ್ನೆ ಹಲವು ದಿನ ನನ್ನ ಬೆನ್ನು ಬಿಡಲಿಲ್ಲ.

ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ನನ್ನ ಮಗನಿಗೆ ಉಬ್ಬಸ. ಧೂಳು ಜಾಸ್ತಿಯಾದ ವಾರ ಅವನ ರಾತ್ರಿಗಳು ಬೇರೆ ಥರ ಇರುತ್ತವೆ. ಹಾಸಿಗೆಯಲ್ಲಿ ಎದ್ದು ಕೂತು, ಭುಜ ಮೇಲೆತ್ತಿ ಉಸಿರೆಳೆಯುವ ಮಗುವನ್ನು ನೋಡಿದವರಿಗೆ ಧೂಳು ಸಣ್ಣ ವಿಷಯ ಅನ್ನಿಸುವುದಿಲ್ಲ. ಪೊರಕೆ ಹಾಕಿದರೆ ಸಣ್ಣ ಧೂಳು ಎದ್ದು ಗಾಳಿಯಲ್ಲಿ ತೇಲುತ್ತದೆ, ಅದಕ್ಕೇ ನಮ್ಮ ಮನೆಗೆ ಈ ಮಷೀನು ಬಂದದ್ದು. ಹಾಗಾಗಿ ಅದು ಎಳೆಯುತ್ತಿಲ್ಲ ಅಂದರೆ ನನಗೆ ನೆಲದ ಚಿಂತೆಗಿಂತ ಅವನ ಎದೆಯ ಚಿಂತೆ.

ಮಾವನ ಅಂಗೈ

ಆ ವಾರ ನನ್ನ ಸೋದರಮಾವ ಮನೆಗೆ ಬಂದಿದ್ದರು. ಮೂವತ್ತು ವರ್ಷ ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತುವ ಕೆಲಸ ಮಾಡಿದವರು. ಈಗ ಕಣ್ಣು ಸ್ವಲ್ಪ ಮಂಜು, ಕೈ ಮಾತ್ರ ಹಾಗೇ ಇದೆ. "ಮಾವ, ಇದರ ಮೋಟಾರ್ ಹೋಗಿದೆ ಅನ್ಸುತ್ತೆ, ಸ್ವಲ್ಪ ನೋಡ್ತೀರಾ?" ಅಂತ ಕೇಳಿದೆ. ಅವರು ಸ್ವಿಚ್ ಒತ್ತಿದರು. ಬ್ರಷ್ ಕಡೆ ನೋಡಲೇ ಇಲ್ಲ. ತಲೆ ಒಂದು ಪಕ್ಕ ವಾಲಿಸಿ, ಕಣ್ಣು ಮುಚ್ಚಿ ಸುಮ್ನೆ ಕೇಳಿದರು. ಹತ್ತು ಸೆಕೆಂಡು ಇರಬಹುದು. ಆರಿಸಿ ಹೇಳಿದರು: "ಮೂಗು ಕಟ್ಟಿದೆ ಮಗು. ಎದೆ ಗಟ್ಟಿಯಾಗೇ ಇದೆ."

ಇಷ್ಟು ಜೋರಾಗಿ ಕೂಗುತ್ತಿದೆಯಲ್ಲ, ಗಾಳಿ ಎಳೆಯದೆ ಇಷ್ಟು ಸದ್ದು ಹೇಗೆ ಬರುತ್ತದೆ ಅಂತ ಕೇಳಿದೆ. ಅವರು ನಕ್ಕು, "ಅದಕ್ಕೇ ಕೂಗ್ತಿರೋದು. ಕೆಲಸ ಇಲ್ಲ ಅದಕ್ಕೆ," ಅಂದರು. ನನಗೆ ಅರ್ಥವಾಗಲಿಲ್ಲ. ಆಗ ಅವರು ವಿವರಿಸಿದ್ದು ನಾನು ಇಷ್ಟು ವರ್ಷ ನಂಬಿದ್ದಕ್ಕೆ ಪೂರ್ತಿ ಉಲ್ಟಾ ಇತ್ತು. ಮೋಟಾರಿನ ಕೆಲಸ ಅಂದರೆ ಗಾಳಿಯನ್ನು ಸಾಗಿಸುವುದು. ಗಾಳಿ ಧಾರಾಳವಾಗಿ ಬರುತ್ತಿದ್ದರೆ ಮೋಟಾರ್ ತಿರುಗಿಸುವ ಫ್ಯಾನಿಗೆ ಪ್ರತಿ ಕ್ಷಣವೂ ಹೊಸ ಗಾಳಿಯನ್ನು ತಳ್ಳುವ ಭಾರ ಇರುತ್ತದೆ. ದಾರಿ ಮುಚ್ಚಿಹೋದರೆ ಹೊಸ ಗಾಳಿಯೇ ಇಲ್ಲ. ಫ್ಯಾನು ಇದ್ದಲ್ಲೇ ಇದ್ದ ಗಾಳಿಯನ್ನು ಸುತ್ತಿಸುತ್ತಾ ಕೂರುತ್ತದೆ. ಭಾರ ಕಡಿಮೆ, ಹಾಗಾಗಿ ವೇಗ ಜಾಸ್ತಿ. ವೇಗ ಜಾಸ್ತಿಯಾದಾಗ ದನಿ ಕೀರಲಾಗುತ್ತದೆ. ಆ ಕೀರಲು ದನಿಯನ್ನೇ ನಾನು ಶಕ್ತಿ ಅಂದುಕೊಂಡಿದ್ದೆ. ಮಷೀನು ಕಷ್ಟಪಟ್ಟು ದುಡಿಯುತ್ತಿದೆ, ಪಾಪ, ವಯಸ್ಸಾಗಿದೆ ಅಂತ ಮನಸ್ಸಿನಲ್ಲೇ ಕನಿಕರ ಬೇರೆ ಪಟ್ಟಿದ್ದೆ.

ಆಮೇಲೆ ಅವರು ಮಾಡಿದ್ದು ತುಂಬಾ ಸರಳ ಪರೀಕ್ಷೆ. ನನಗೆ ಯಾಕೆ ಹೊಳೆಯಲಿಲ್ಲ ಅಂತ ಇವತ್ತಿಗೂ ಅನ್ನಿಸುತ್ತದೆ. ಪ್ಲಗ್ ಕಿತ್ತು, ಉದ್ದನೆಯ ಪೈಪನ್ನು ಮಷೀನಿನಿಂದ ಬಿಡಿಸಿ ಪಕ್ಕಕ್ಕಿಟ್ಟರು. ಮತ್ತೆ ಪ್ಲಗ್ ಹಾಕಿ ಚಾಲೂ ಮಾಡಿ, ಪೈಪು ಸೇರುವ ತೂತಿಗೆ ಅಂಗೈ ಅಡ್ಡ ಹಿಡಿದರು. ಇಲ್ಲಿ ಅಂಗೈಯನ್ನು ಗಟ್ಟಿಯಾಗಿ ಎಳೆದರೆ ಮಷೀನಿನ ಒಳಗೆಲ್ಲ ಸರಿ ಇದೆ, ತೊಂದರೆ ಮುಂದಿನ ಪೈಪಿನಲ್ಲೋ ಕೋಲಿನಲ್ಲೋ ಬ್ರಷ್‌ನಲ್ಲೋ ಇದೆ. ಇಲ್ಲೇ ಎಳೆಯದಿದ್ದರೆ ತೊಂದರೆ ಒಳಗಿದೆ: ಚೀಲ, ಡಬ್ಬಿ, ಫಿಲ್ಟರ್, ಮುಚ್ಚಳದ ರಬ್ಬರ್, ಕೊನೆಗೆ ಮೋಟಾರ್. ಅರ್ಧ ಮಷೀನನ್ನು ಒಂದೇ ಸಲಕ್ಕೆ ಅನುಮಾನದಿಂದ ಬಿಟ್ಟುಬಿಡಬಹುದು. "ಕೈ ಇಡು ನೋಡೋಣ," ಅಂದರು. ಇಟ್ಟೆ. ಊದಿದ ಹಾಗೆ ತಣ್ಣಗೆ ಏನೋ ಸೋಕಿತು, ಅಷ್ಟೆ. ಎಳೆತ ಇರಲಿಲ್ಲ.

ಡಬ್ಬಿ ತೆಗೆದು ಫಿಲ್ಟರ್ ಹೊರಗೆಳೆದರು. ಖಾಲಿ ಡಬ್ಬಿಯನ್ನು ಮತ್ತೆ ಕೂರಿಸಿ, "ಎರಡೇ ಸೆಕೆಂಡು. ಫಿಲ್ಟರ್ ಇಲ್ಲದೆ ಜಾಸ್ತಿ ಓಡಿಸಬಾರದು, ಧೂಳು ನೇರವಾಗಿ ಮೋಟಾರಿಗೆ ಹೋಗುತ್ತೆ," ಅಂತ ಎಚ್ಚರಿಸಿ ಸ್ವಿಚ್ ಒತ್ತಿದರು. ನನ್ನ ಅಂಗೈ ಪಟ್ಟನೆ ತೂತಿಗೆ ಅಂಟಿಕೊಂಡಿತು. ಆರಿಸಿದಾಗ ಅಂಗೈ ಮಧ್ಯೆ ಕೆಂಪು ಬಳೆಯ ಹಾಗೆ ಗುರುತು ಬಿದ್ದಿತ್ತು. ಮೋಟಾರ್ ಹೋಗಿದೆ ಅಂತ ನಾನು ತೀರ್ಮಾನಿಸಿ ಎರಡು ವಾರ ಆಗಿತ್ತು. ಹೊಸ ಮಷೀನುಗಳ ಚಿತ್ರಗಳನ್ನು ನೋಡುತ್ತಾ ಕೂತಿದ್ದೆ. ಆ ಕೆಂಪು ಗುರುತನ್ನು ನೋಡುತ್ತಾ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

ಬಿಚ್ಚಿದಾಗ ಸಿಕ್ಕಿದ್ದು

ಫಿಲ್ಟರ್ ಕೈಗೆ ಬಂದಾಗ ಭಾರ ಇತ್ತು. ಮಡಿಕೆ ಮಡಿಕೆಯಾಗಿ ಮಡಚಿದ ಬಿಳಿ ಕಾಗದದಂಥ ವಸ್ತು ಅದು. ಈಗ ಬೂದು ಬಣ್ಣದ ಹಲಗೆಯಾಗಿತ್ತು. ಉಗುರಿನಿಂದ ಕೆರೆದರೆ ಒಣಗಿದ ಕೆಸರು ಉದುರಿದ ಹಾಗೆ ಚೂರು ಚೂರಾಗಿ ಬಂತು. ಇದು ಮನೆಯ ಮಾಮೂಲಿ ಧೂಳಲ್ಲ ಅಂತ ಮಾವ ನೋಡಿದ ಕೂಡಲೇ ಹೇಳಿದರು. "ಗೋಡೆ ಉಜ್ಜಿಸಿದ್ರಾ?" ಹೌದು. ಒಂದು ತಿಂಗಳ ಹಿಂದೆ ಒಂದು ಕೋಣೆಗೆ ಬಣ್ಣ ಹೊಡೆಸಿದ್ದೆವು. ಅದಕ್ಕೂ ಮೊದಲು ಗೋಡೆಗೆ ಪುಟ್ಟಿ ಹಾಕಿ, ಮರಳು ಕಾಗದದಿಂದ ಉಜ್ಜಿದ್ದರು. ಆ ಬಿಳಿ ಹುಡಿ ಮಗನಿಗೆ ಆಗುವುದಿಲ್ಲ ಅಂತ ಒಂದು ಕಣವೂ ಬಿಡದೆ ನಾನೇ ಮಷೀನಿನಿಂದ ಎಳೆದಿದ್ದೆ. ಪುಟ್ಟಿಯ ಹುಡಿ, ಬೂದಿ, ಸಿಮೆಂಟು, ಟಾಲ್ಕಂ ಪೌಡರ್, ಇವೆಲ್ಲ ಫಿಲ್ಟರಿನ ರಂಧ್ರಗಳಿಗೆ ಹೇಳಿ ಮಾಡಿಸಿದ ಶತ್ರುಗಳು. ಕೂದಲು, ದಾರದ ಎಳೆ, ಮರಳು ಎಲ್ಲ ಡಬ್ಬಿಯಲ್ಲೇ ನಿಲ್ಲುತ್ತವೆ. ಈ ಹುಡಿ ನಿಲ್ಲುವುದಿಲ್ಲ. ನೇರವಾಗಿ ಹೋಗಿ ರಂಧ್ರದೊಳಗೆ ಕೂರುತ್ತದೆ. ಡಬ್ಬಿ ಕಾಲು ಭಾಗವೂ ತುಂಬಿರುವುದಿಲ್ಲ, ಅಷ್ಟರಲ್ಲಿ ಮಷೀನಿನ ಉಸಿರು ನಿಂತಿರುತ್ತದೆ. ಡಬ್ಬಿ ಖಾಲಿ ಇದೆಯಲ್ಲ, ಮತ್ತೇನು ತೊಂದರೆ ಅಂತ ನಾನು ನೂರು ಸಲ ಅಂದುಕೊಂಡಿದ್ದೆ.

ಅದರ ಮೇಲೆ ಇನ್ನೊಂದು ತಪ್ಪು ಮಾಡಿದ್ದೆ. ಎಳೆತ ಕಡಿಮೆಯಾದಾಗ ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಿದ್ದೆ. ತೊಳೆಯಬಹುದಾದ ಫಿಲ್ಟರ್‌ಗಳ ಮೇಲೆ ಅದನ್ನು ಬರೆದಿರುತ್ತಾರೆ. ನಮ್ಮದರ ಮೇಲೆ ಹಾಗೇನೂ ಬರೆದಿರಲಿಲ್ಲ, ನಾನು ನೋಡಿಯೂ ಇರಲಿಲ್ಲ. ತೊಳೆದಾಗ ಹುಡಿ ಸ್ವಲ್ಪ ಹೋಯಿತು. ಉಳಿದದ್ದು ಅಂಟಾಗಿ ಒಳಗೆ ಇಳಿಯಿತು. ಸಂಜೆ ತೊಳೆದು ಬೆಳಿಗ್ಗೆ ಮುಟ್ಟಿ ನೋಡಿದೆ. ಹೊರಗೆ ಒಣಗಿತ್ತು, ಹಾಕಿಬಿಟ್ಟೆ. ಮಡಿಕೆಯ ಒಳಗೆ ಇನ್ನೂ ಒದ್ದೆ ಇತ್ತು ಅಂತ ಕಾಣುತ್ತದೆ. ಒದ್ದೆ ಫಿಲ್ಟರಿಗೆ ಧೂಳು ಬಡಿದರೆ ಕೆಸರಲ್ಲದೆ ಇನ್ನೇನಾಗುತ್ತದೆ? ತೊಳೆಯುವಂಥ ಫಿಲ್ಟರ್ ಆದರೂ ಕನಿಷ್ಠ 24 ಗಂಟೆ ನೆರಳಿನಲ್ಲಿ, ಗಾಳಿಯಲ್ಲಿ ಒಣಗಬೇಕು. ಇನ್ನೂ ಅನುಮಾನವಿದ್ದರೆ ಇನ್ನೊಂದು ದಿನ. ತೊಳೆದ ಮೇಲೆ ಮಷೀನಿನಿಂದ ಮುಗ್ಗಲು ವಾಸನೆ ಬರುತ್ತಿದ್ದರೆ ಬೇರೆ ಸಾಕ್ಷಿ ಬೇಡ, ಅದು ಒಣಗಿರಲಿಲ್ಲ.

ಹೊಸ ಫಿಲ್ಟರ್ ಬರುವುದಕ್ಕೆ ನಾಲ್ಕು ದಿನ ಹಿಡಿಯಿತು. ಅದನ್ನು ಹಾಕಿದ ದಿನ ಮಾವ ತಮ್ಮ ಚೀಲದಿಂದ ಹಳೆಯ ಕ್ಲ್ಯಾಂಪ್ ಮೀಟರ್ ತೆಗೆದರು. ವೈರನ್ನು ಕತ್ತರಿಸದೆ, ಸುಮ್ನೆ ಅದರ ಸುತ್ತ ಕೊಂಡಿ ಹಾಕಿದರೆ ಎಷ್ಟು ಕರೆಂಟು ಹರಿಯುತ್ತಿದೆ ಅಂತ ತೋರಿಸುವ ಮೀಟರ್ ಅದು. ಪರೀಕ್ಷೆಗೆ ಅಂತಲೇ ಅವರ ಹತ್ತಿರ ಒಂದು ಗಿಡ್ಡ ಎಕ್ಸ್‌ಟೆನ್ಷನ್ ವೈರ್ ಇದೆ, ಅದರ ಎರಡು ತಂತಿಗಳೂ ಬೇರೆ ಬೇರೆಯಾಗಿ ಬಿಡಿಸಿವೆ. ಒಂದೇ ತಂತಿಗೆ ಕೊಂಡಿ ಹಾಕಿ ಮಷೀನು ಚಾಲೂ ಮಾಡಿದರು. ಐದು ಆಂಪಿಯರ್ ಹತ್ತಿರ ತೋರಿಸಿತು. "ಈಗ ತೂತು ಮುಚ್ಚು," ಅಂದರು. ಅಂಗೈ ಒತ್ತಿ ಹಿಡಿದೆ. ದನಿ ಕೀರಲಾಯಿತು, ಕಿವಿಗೆ ಚುಚ್ಚಿತು. ಮೀಟರ್ ನೋಡಿದರೆ ನಾಲ್ಕಕ್ಕಿಂತ ಕೆಳಗೆ ಇಳಿದಿತ್ತು. ಸದ್ದು ಏರಿದೆ, ಕರೆಂಟು ಇಳಿದಿದೆ. ಕೈ ತೆಗೆದೆ. ದನಿ ಇಳಿಯಿತು, ಮೀಟರ್ ಏರಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಗ, "ಅಮ್ಮ, ನಾನು ಮಾಡ್ತೀನಿ, ನಾನು ಮಾಡ್ತೀನಿ," ಅಂತ ನನ್ನ ಕೈ ತಳ್ಳಿ ತನ್ನ ಪುಟ್ಟ ಅಂಗೈ ಇಟ್ಟ. ಐದಾರು ಸಲ ಮುಚ್ಚಿ, ತೆಗೆದು, ಮುಚ್ಚಿ ಆಟ ಆಡಿದ. "ಸಾಕು ಮಗಾ, ಅದಕ್ಕೆ ಸೆಖೆ ಆಗುತ್ತೆ," ಅಂತ ಮಾವ ನಿಲ್ಲಿಸಿದರು.

ಸೆಖೆ ಅಂದದ್ದು ತಮಾಷೆಗಲ್ಲ. ಮನೆಯಲ್ಲಿ ಬಳಸುವ ಬಹುತೇಕ ಮಷೀನುಗಳಲ್ಲಿ ಎಳೆದ ಗಾಳಿಯೇ ಫಿಲ್ಟರ್ ದಾಟಿ, ಮೋಟಾರಿನ ಮೈ ಸವರಿ ಹೊರಗೆ ಹೋಗುತ್ತದೆ. ಮೋಟಾರನ್ನು ತಂಪು ಮಾಡುವ ಗಾಳಿಯೂ ಅದೇ. ದಾರಿ ಮುಚ್ಚಿಕೊಂಡರೆ ಎಳೆತವೂ ಹೋಯಿತು, ತಂಪೂ ಹೋಯಿತು. ಕರೆಂಟು ಕಡಿಮೆ ತಿಂದರೂ ಬಿಸಿ ಹೊರಗೆ ಹೋಗುವುದಕ್ಕೆ ದಾರಿಯಿಲ್ಲ. ಬಿಸಿ ಮಿತಿ ಮೀರಿದಾಗ ಒಳಗಿನ ಒಂದು ಸಣ್ಣ ಸ್ವಿಚ್ ಮಷೀನನ್ನು ತಾನಾಗಿ ಆರಿಸುತ್ತದೆ. ಎಷ್ಟೋ ಜನ ಆ ಹಂತದಲ್ಲಿ ಮಷೀನು ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ಒಂದು ಗಂಟೆ ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ಆದರೆ ಕಾರಣ ಹುಡುಕದೆ ಹಾಗೇ ಓಡಿಸುತ್ತಾ ಹೋದರೆ ಒಂದು ದಿನ ನಿಜವಾಗಿಯೂ ಸುಟ್ಟುಹೋಗುತ್ತದೆ. ಅಂದರೆ, ಕಟ್ಟಿದ ಮೂಗನ್ನು ಬಿಡಿಸದೆ ಹೋದರೆ ಕೊನೆಗೆ ಎದೆಯೂ ಹೋಗುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಹೊಸ ಫಿಲ್ಟರ್ ಹಾಕಿದ ಮೇಲೆ ತೂತಿನ ಹತ್ತಿರ ಎಳೆತ ಚೆನ್ನಾಗಿತ್ತು. ಪೈಪು ಸಿಕ್ಕಿಸಿ ಬ್ರಷ್ ಹತ್ತಿರ ನೋಡಿದರೆ ಅರ್ಧ ಕೂಡ ಇಲ್ಲ, ದನಿಯೂ ಇನ್ನೂ ಕೀರಲು. ಮಾವ ಮಗನ ಕೈಗೆ ಒಂದು ನಾಣ್ಯ ಕೊಟ್ಟು ಬಿಡಿಸಿದ ಪೈಪಿನೊಳಗೆ ಹಾಕು ಅಂದರು. ಹಾಕಿದ. ಪೈಪನ್ನು ಎತ್ತಿ ಹಿಡಿದರು. ಸುರುಳಿ ಸುರುಳಿಯಾದ ಪೈಪಿನೊಳಗೆ ಗರಗರ ಅಂತ ಇಳಿಯುತ್ತಾ ಹೋದ ಸದ್ದು ಕೈಹಿಡಿಯ ಬಾಗಿನ ಹತ್ತಿರ ಟಕ್ ಅಂತ ನಿಂತಿತು. ಅಲ್ಲಿದೆ. ನಾನು ಉದ್ದನೆಯ ತಂತಿ ತರಲು ಹೋದಾಗ ಮಾವ ತಡೆದರು. ತಂತಿ ಪೈಪನ್ನು ತೂತು ಮಾಡುತ್ತದೆ. ಕೋಲಿನ ತುದಿಗೆ ಬಟ್ಟೆ ಸುತ್ತಿ, ಒಳಗೆ ಹೋದ ದಾರಿಯಲ್ಲೇ ಹಿಂದಕ್ಕೆ ಬರುವ ಹಾಗೆ ತಳ್ಳಿದರು. ಮುಂದಕ್ಕೆ ತಳ್ಳಿದರೆ ಇನ್ನೂ ಬಿಗಿಯಾಗುತ್ತದಂತೆ. ಹೊರಗೆ ಬಂದದ್ದು ಒಂದು ಪೆನ್ನಿನ ಮುಚ್ಚಳ. ಅದು ಅಡ್ಡ ಸಿಕ್ಕಿಕೊಂಡಿತ್ತು. ಅದರ ಕೊಕ್ಕೆಗೆ ಕೂದಲು ಸುತ್ತಿ, ಕೂದಲಿಗೆ ಧೂಳು ಅಂಟಿ, ಹಕ್ಕಿ ಗೂಡಿನ ಥರ ಒಂದು ಉಂಡೆ. ಅದರ ಹಿಂದೆ ಮಗನ ಆಟದ ಸಾಮಾನಿನ ಎರಡು ಚಕ್ರ. ಮಗ ಚಕ್ರಗಳನ್ನು ತೊಳೆದು ಆ ಸಂಜೆಯೇ ಗಾಡಿಗೆ ಹಾಕಿಕೊಂಡ.

ಬ್ರಷ್ ವಿಷಯ ಜಾಸ್ತಿ ಹೇಳುವುದೇನಿಲ್ಲ. ತಿರುಗುವ ಬ್ರಷ್‌ಗೆ ಸುತ್ತಿದ ಕೂದಲನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ಎಳೆದರೆ ಬರುತ್ತದೆ. ಎರಡೂ ತುದಿಯ ಬೇರಿಂಗ್ ಹತ್ತಿರವೂ ನೋಡಬೇಕು, ಅಲ್ಲಿ ಸೇರಿಕೊಂಡ ಕೂದಲು ಕಣ್ಣಿಗೆ ಬೀಳುವುದಿಲ್ಲ. ಬೆಲ್ಟು ಇರುವ ಮಷೀನಾದರೆ ಅದು ಸಡಿಲವಾಗಿದೆಯಾ ಅಂತ ನೋಡಿದರೆ ಮುಗಿಯಿತು.

ದನಿಯೇ ದಾರಿ ತೋರಿಸುತ್ತದೆ

ಮಾವ ಹೋಗುವ ಮುಂಚೆ ಹೇಳಿಕೊಟ್ಟದ್ದನ್ನು ನಾನು ಈಗ ಯಾರು ಕೇಳಿದರೂ ಹೇಳುತ್ತೇನೆ. ಎಳೆತ ಕಡಿಮೆ, ದನಿ ಕೀರಲು: ಎಲ್ಲೋ ಕಟ್ಟಿದೆ. ಎಳೆತ ಕಡಿಮೆ, ಆದರೆ ದನಿ ಮಾಮೂಲಿಯಂತೆ ದಪ್ಪಗಿದೆ, ಜೊತೆಗೆ ಎಲ್ಲೋ ಬುಸ್ ಅಂತ ಸದ್ದು: ಎಲ್ಲೋ ಸೋರುತ್ತಿದೆ. ಗಾಳಿ ಬರುತ್ತಿದೆ, ಆದರೆ ಬ್ರಷ್‌ನಿಂದಲ್ಲ, ಬೇರೆ ಬಿರುಕಿನಿಂದ. ಪೈಪಿನ ಬಾಗು, ಡಬ್ಬಿಯ ಸುತ್ತಲಿನ ರಬ್ಬರ್, ಸರಿಯಾಗಿ ಕೂರದ ಮುಚ್ಚಳ, ಇವುಗಳ ಹತ್ತಿರ ತೆಳ್ಳನೆಯ ಟಿಶ್ಯೂ ಕಾಗದದ ಪಟ್ಟಿ ಹಿಡಿದರೆ ಸೋರುವ ಜಾಗಕ್ಕೆ ಅದು ತಾನಾಗಿ ಅಂಟಿಕೊಳ್ಳುತ್ತದೆ. ಕೈಹಿಡಿಯ ಮೇಲೆ ಎಳೆತ ಕಡಿಮೆ ಮಾಡಲು ಒಂದು ಜಾರುವ ಕಿಂಡಿ ಇರುತ್ತದಲ್ಲ, ಅದು ತೆರೆದಿದ್ದರೂ ಹೀಗೇ ಆಗುತ್ತದೆ. ಇನ್ನು ದನಿ ಕುಗ್ಗಿದೆ, ಎಳೆದೆಳೆದು ತಿರುಗುತ್ತಿದೆ, ಸುಟ್ಟ ವಾಸನೆ, ಗಾಳಿ ಹೊರಹೋಗುವ ಜಾಲರಿಯಲ್ಲಿ ಕಿಡಿ: ಆಗ ಮೋಟಾರ್ ಕಡೆ ನೋಡಬೇಕು. ಅದರಲ್ಲೂ ಎಷ್ಟೋ ಸಲ ಸವೆದಿರುವುದು ಕಾರ್ಬನ್ ಬ್ರಷ್ ಮಾತ್ರ. ನೆಲದ ಬ್ರಷ್ ಅಲ್ಲ, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ, ಬೆರಳಿನ ಗೆಣ್ಣಿಗಿಂತ ಚಿಕ್ಕ ಎರಡು ಇದ್ದಿಲ ತುಂಡುಗಳು. ಅವನ್ನು ಬದಲಿಸಬಹುದು.

ಎಲ್ಲಕ್ಕಿಂತ ಮೊದಲು ಪ್ಲಗ್ ಕೀಳಬೇಕು. ಇದನ್ನು ಮಾವ ಪ್ರತಿ ಸಲವೂ ಹೇಳಿದರು, ನಾನೂ ಹೇಳುತ್ತೇನೆ.

ಕರವಸ್ತ್ರದ ಮೇಲೆ ಬಾಯಿ ಇಟ್ಟವನು

ಮಾವ ಹೋದ ಮೇಲೂ ನನ್ನ ಕುತೂಹಲ ಇಳಿಯಲಿಲ್ಲ. ಈ ಮಷೀನು ಯಾಕೆ ಪದೇ ಪದೇ ಕಟ್ಟಿಕೊಳ್ಳುತ್ತದೆ? ನೂರಕ್ಕೂ ಜಾಸ್ತಿ ವರ್ಷದಿಂದ ಮಾಡುತ್ತಿದ್ದಾರೆ, ಇನ್ನೂ ಯಾಕೆ ಸರಿಹೋಗಿಲ್ಲ? ಉತ್ತರ ಅದರ ಹುಟ್ಟಿನಲ್ಲೇ ಇದೆ ಅಂತ ಓದಿದಾಗ ಗೊತ್ತಾಯಿತು. 1901ರಲ್ಲಿ ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಅನ್ನುವ ಇಂಜಿನಿಯರ್ ಒಂದು ಸ್ವಚ್ಛತಾ ಯಂತ್ರದ ಪ್ರದರ್ಶನ ನೋಡಿದ. ಅದು ಧೂಳನ್ನು ಊದಿ ಹಾರಿಸುತ್ತಿತ್ತು. ಊದುವ ಬದಲು ಎಳೆದರೆ ಹೇಗೆ ಅಂತ ಬೂತ್‌ಗೆ ಅನ್ನಿಸಿತು. ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಅದರ ಮೇಲೆ ಬಾಯಿ ಇಟ್ಟು ಜೋರಾಗಿ ಗಾಳಿ ಎಳೆದ. ಕರವಸ್ತ್ರ ತಿರುಗಿಸಿ ನೋಡಿದರೆ ಕೆಳಗಿನ ಮಗ್ಗುಲಿಗೆಲ್ಲ ಧೂಳು ಅಂಟಿತ್ತು. ಆಮೇಲೆ ಅವನು ಮಾಡಿದ ಯಂತ್ರ ಎಷ್ಟು ದೊಡ್ಡದಿತ್ತು ಅಂದರೆ ಕುದುರೆ ಗಾಡಿಯ ಮೇಲೆ ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಪೈಪುಗಳನ್ನು ಕಿಟಕಿಯೊಳಗೆ ತೂರಿಸಬೇಕಿತ್ತು. 1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಅದರಿಂದಲೇ ಸ್ವಚ್ಛ ಮಾಡಿದರು.

ನನಗೆ ಆ ಕರವಸ್ತ್ರ ಮುಖ್ಯ. ಮೋಟಾರ್ ಬರುವ ಮುಂಚೆ, ಪೈಪು ಬರುವ ಮುಂಚೆ ಇದ್ದದ್ದು ಉಸಿರು ಮತ್ತು ಒಂದು ಬಟ್ಟೆ. ಆ ಬಟ್ಟೆ ಎರಡು ಕೆಲಸ ಮಾಡಬೇಕು: ಗಾಳಿಯನ್ನು ಬಿಡಬೇಕು, ಧೂಳನ್ನು ಹಿಡಿಯಬೇಕು. ಹಿಡಿದಷ್ಟೂ ಬಿಡುವುದು ಕಡಿಮೆಯಾಗುತ್ತದೆ. ಕೆಲಸ ಚೆನ್ನಾಗಿ ಮಾಡಿದಷ್ಟೂ ಬೇಗ ಕಟ್ಟಿಕೊಳ್ಳುತ್ತದೆ. ಅದು ಕೆಟ್ಟುಹೋಗಿರುವುದಲ್ಲ, ಅದರ ಕೆಲಸವೇ ಹಾಗೆ. ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ವಿಷಯ ಓದಿದಾಗ ನನ್ನ ಕಣ್ಣು ತುಂಬಿ ಬಂತು. ಅಮೆರಿಕದ ಓಹಿಯೋದ ಕ್ಯಾಂಟನ್‌ನಲ್ಲಿ ಒಂದು ದೊಡ್ಡ ಅಂಗಡಿಯ ಕಸ ಗುಡಿಸುವ ಕೆಲಸ ಅವನದು. ಅವನಿಗೂ ಉಬ್ಬಸ. ಗುಡಿಸಿದಾಗ ಏಳುವ ಧೂಳು ತಡೆಯಲಾಗದೆ ಫ್ಯಾನಿನ ಮೋಟಾರು, ಪೊರಕೆಯ ಕೋಲು, ದಿಂಬಿನ ಚೀಲ ಜೋಡಿಸಿ ತನಗೆ ಬೇಕಾದ ಯಂತ್ರವನ್ನು ತಾನೇ ಮಾಡಿಕೊಂಡ. 1908ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡುಕೊಂಡ ಹೂವರ್ ಹೆಸರು ಆಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ನನ್ನ ಮಗನಂತೆಯೇ ರಾತ್ರಿ ಎದ್ದು ಕೂತು ಉಸಿರೆಳೆದ ಒಬ್ಬ ಮನುಷ್ಯನ ಕೈಯಿಂದ ಈ ಮಷೀನು ಬಂದಿದೆ.

ಚೀಲ ಕಟ್ಟಿಕೊಳ್ಳುವ ಕಾಟಕ್ಕೇ ಬೇಸತ್ತು 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಸಂಶೋಧಕ ಜೇಮ್ಸ್ ಡೈಸನ್ ಕೆಲಸ ಶುರು ಮಾಡಿದ್ದು. ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಹೊಟ್ಟನ್ನು ಸುಳಿಗಾಳಿಯಲ್ಲಿ ಗಿರಗಿರ ತಿರುಗಿಸಿ ಗಾಳಿಯಿಂದ ಬೇರೆ ಮಾಡುತ್ತಾರೆ. ಅದೇ ಉಪಾಯವನ್ನು ಮನೆಯ ಮಷೀನಿಗೆ ಇಳಿಸಲು ಅವರು 5,127 ಮಾದರಿಗಳನ್ನು ಮಾಡಿದರು. ನನಗೆ ಆ ಸಂಖ್ಯೆಯ ಬಗ್ಗೆ ಗೌರವ ಇದೆ. ಆದರೂ ಸುಳಿಗಾಳಿಗೆ ಸಿಗದಷ್ಟು ಸಣ್ಣ ಹುಡಿ ಇದ್ದೇ ಇರುತ್ತದೆ. ಅದಕ್ಕೆ ಇವತ್ತಿಗೂ ಫಿಲ್ಟರ್ ಬೇಕು. ಕರವಸ್ತ್ರ ಹೋಗಿಲ್ಲ, ಸ್ವಲ್ಪ ಹಿಂದಕ್ಕೆ ಸರಿದಿದೆ.

ಇನ್ನೊಂದು ವಿಷಯ ಓದಿ ಆಶ್ಚರ್ಯವಾಯಿತು. ಮಷೀನು ಎಳೆಯುತ್ತದೆ ಅನ್ನುವುದು ನಮ್ಮ ಮಾತು. ನಿಜಕ್ಕೂ ತಳ್ಳುವುದು ಹೊರಗಿನ ಗಾಳಿ. ನಮ್ಮ ಸುತ್ತಲಿನ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋ ಭಾರದಷ್ಟು ಒತ್ತುತ್ತಿದೆ. ಮನೆಯ ಒಳ್ಳೆಯ ಮಷೀನು ತನ್ನೊಳಗೆ ಆ ಒತ್ತಡವನ್ನು ಸುಮಾರು ಐದನೇ ಒಂದು ಭಾಗದಷ್ಟು ಇಳಿಸುತ್ತದೆ, ಅಷ್ಟೆ. ಉಳಿದ ಕೆಲಸವನ್ನು ಕೋಣೆಯ ಗಾಳಿಯೇ ಒಳಗೆ ನುಗ್ಗಿ ಮಾಡುತ್ತದೆ, ಕೂದಲು ಧೂಳನ್ನೆಲ್ಲ ಜೊತೆಗೆ ಕರೆದುಕೊಂಡು. ಹಾಗಾಗಿ ಧೂಳನ್ನು ಹೊತ್ತು ಹೋಗುವುದು ಹರಿಯುವ ಗಾಳಿ. ಗಾಳಿ ಹರಿಯದಿದ್ದರೆ ಮೋಟಾರ್ ಎಷ್ಟು ಗಟ್ಟಿ ಇದ್ದರೂ ಒಂದು ಕೂದಲೂ ಏಳುವುದಿಲ್ಲ.

ಹೊಸದು ಯಾವಾಗ ತರಬೇಕು

ರಿಪೇರಿಯೇ ಯಾವಾಗಲೂ ಸರಿ ಅಂತ ನಾನು ಹೇಳುತ್ತಿಲ್ಲ. ಮೋಟಾರಿನ ಬೇರಿಂಗ್ ಹೋಗಿ ಕರಕರ ಅನ್ನುತ್ತಿದ್ದರೆ, ಫಿಲ್ಟರೋ ಚೀಲವೋ ಎಲ್ಲೂ ಸಿಗದಿದ್ದರೆ, ಡಬ್ಬಿ ಬಿರುಕು ಬಿಟ್ಟು ರಬ್ಬರ್ ಕೂರದೆ ಹೋದರೆ, ಬದಲಿಸುವುದೇ ಒಳ್ಳೆಯದು. ಅದರಲ್ಲೂ ಮನೆಯಲ್ಲಿ ಉಬ್ಬಸದವರಿದ್ದರೆ ಸೋರುವ ಮಷೀನು ಇಟ್ಟುಕೊಳ್ಳಬಾರದು. ಹೆಪಾ ಫಿಲ್ಟರ್ 0.3 ಮೈಕ್ರಾನಿನಷ್ಟು ಸಣ್ಣ ಕಣಗಳಲ್ಲೂ 99.97 ಶೇಕಡಾ ಹಿಡಿಯುತ್ತದೆ ಅಂತ ಇರುವುದು ನಿಜ. ಆದರೆ ಗಾಳಿ ಆ ಫಿಲ್ಟರ್ ಮೂಲಕವೇ ಹೋದರೆ ಮಾತ್ರ. ಪಕ್ಕದ ಸಂದಿಯಿಂದ ನುಸುಳಿದರೆ ನೆಲದ ಸಣ್ಣ ಧೂಳನ್ನು ಮಗುವಿನ ಮೂಗಿನ ಎತ್ತರಕ್ಕೆ ಏರಿಸಿದಂತಾಗುತ್ತದೆ. ಮಷೀನು ಓಡುವಾಗ ಕೋಣೆಯಲ್ಲಿ ಧೂಳಿನ ವಾಸನೆ ಬಂದರೆ ಅದನ್ನು ಕಡೆಗಣಿಸಬಾರದು.

ಹೊಸದು ಕೊಳ್ಳುವಾಗ ವ್ಯಾಟ್ ನೋಡಿ ಮೋಸಹೋಗಬೇಡಿ. ವ್ಯಾಟ್ ಅಂದರೆ ಎಷ್ಟು ಕರೆಂಟು ತಿನ್ನುತ್ತದೆ ಅಂತ, ಎಷ್ಟು ಎಳೆಯುತ್ತದೆ ಅಂತ ಅಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಸೆಪ್ಟೆಂಬರಿನಿಂದ 1600 ವ್ಯಾಟ್‌ಗೂ, 2017ರ ಸೆಪ್ಟೆಂಬರಿನಿಂದ 900 ವ್ಯಾಟ್‌ಗೂ ಮಿತಿ ಹಾಕಿದರು. ಗಾಳಿಯ ದಾರಿಯನ್ನು ಚೆನ್ನಾಗಿ ರೂಪಿಸಿದರೆ ಕಡಿಮೆ ವ್ಯಾಟಿನಲ್ಲೂ ನೆಲ ಸ್ವಚ್ಛವಾಗುತ್ತದೆ. ನಾನಾದರೆ ಇನ್ನು ಮುಂದೆ ನೋಡುವುದು ಎರಡೇ. ಫಿಲ್ಟರನ್ನು ಸ್ಕ್ರೂ ಬಿಚ್ಚದೆ ಹೊರಗೆ ತೆಗೆಯಬಹುದಾ? ಐದು ವರ್ಷದ ಮೇಲೂ ಅದು ಸಿಗುತ್ತದಾ? ಬ್ಯಾಟರಿಯ ಮಷೀನಾದರೆ ಬ್ಯಾಟರಿಯ ಬಗ್ಗೆಯೂ ಇದೇ ಪ್ರಶ್ನೆ ಕೇಳುತ್ತೇನೆ.

ಹಳೆಯ ವಿಡಿಯೋ

ಮೊದಲು ಹೇಳಿದ ಆ ಅನುಮಾನ ಹಾಗೇ ಉಳಿದಿತ್ತಲ್ಲ. ಒಂದು ರಾತ್ರಿ ಫೋನಿನಲ್ಲಿ ಮಗನ ಹಳೆಯ ವಿಡಿಯೋಗಳನ್ನು ನೋಡುತ್ತಿದ್ದೆ. ಒಂದರಲ್ಲಿ ಅವನು ಅಂಬೆಗಾಲಿಡುತ್ತಾ ಮಷೀನಿನಿಂದ ದೂರ ಓಡುತ್ತಿದ್ದಾನೆ, ಹಿಂದೆ ಮಷೀನಿನ ಸದ್ದು ಇದೆ. ಆಗ ಹಳೆಯ ಮಷೀನು ಹೊಸತು. ದಪ್ಪ ದನಿ, ಹೂಂಕಾರದ ಹಾಗೆ. ಇನ್ನೊಂದು ವಿಡಿಯೋ ಅದನ್ನು ಎಸೆಯುವುದಕ್ಕೆ ಒಂದು ತಿಂಗಳ ಮುಂಚಿನದು. ಮಗ ಸೋಫಾ ಮೇಲೆ ನಿಂತು ಹಾಡು ಹೇಳುತ್ತಿದ್ದಾನೆ, ಪಕ್ಕದ ಕೋಣೆಯಲ್ಲಿ ಅದೇ ಮಷೀನು ಓಡುತ್ತಿದೆ. ಕೀರಲು ದನಿ. ಎರಡನ್ನೂ ನಾಲ್ಕು ಸಲ ಕೇಳಿದೆ. ಮಾವನಿಗೆ ಕಳಿಸಿದೆ. ಅವರು ಬೆಳಿಗ್ಗೆ ಫೋನ್ ಮಾಡಿದರು. "ಎರಡನೇದರಲ್ಲಿ ಉಸಿರು ಕಟ್ಟಿದೆ. ಮೋಟಾರ್ ಚೆನ್ನಾಗೇ ಇದೆ ಮಗು. ಬಾಗಿಲಾಚೆ ಸದ್ದು, ಪೂರ್ತಿ ಖಚಿತ ಹೇಳೋಕಾಗಲ್ಲ. ಆದ್ರೆ ನನ್ನ ಕಿವಿ ಹಾಗೇ ಹೇಳ್ತಿದೆ." ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ. ಆ ಮಷೀನಿನ ಹಿಂಭಾಗದಲ್ಲಿ, ಗಾಳಿ ಹೊರಹೋಗುವ ಜಾಲರಿಯ ಹಿಂದೆ, ಇನ್ನೊಂದು ಫಿಲ್ಟರ್ ಇತ್ತು ಅಂತ ನನಗೆ ಆಗ ನೆನಪಾಯಿತು. ಐದು ವರ್ಷದಲ್ಲಿ ಅದನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ.

ಈಗಿನ ಮಷೀನಿನ ಹೊಸ ಫಿಲ್ಟರಿನ ಅಂಚಿನ ಮೇಲೆ ಹಾಕಿದ ದಿನಾಂಕ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಹಿಂದಿನ ಜಾಲರಿಯೊಳಗಿನ ಫಿಲ್ಟರಿನ ಮೇಲೂ ಬರೆದಿದ್ದೇನೆ. ಗೋಡೆ ಉಜ್ಜಿದ ಹುಡಿಗೆ ಇನ್ನು ಒದ್ದೆ ಬಟ್ಟೆ, ಮಷೀನಲ್ಲ.

ಮೊನ್ನೆ ಭಾನುವಾರ ನಾನು ಮಂಚದ ಕೆಳಗೆ ಬ್ರಷ್ ಆಡಿಸುತ್ತಿದ್ದೆ. ಮಗ ಪಕ್ಕದ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದ. ನನಗೇನೂ ಗೊತ್ತಾಗಿರಲಿಲ್ಲ. ಅವನು ಅಲ್ಲಿಂದಲೇ ಕೂಗಿದ: "ಅಮ್ಮ, ನಿಲ್ಸು! ಅದರ ಮೂಗು ಕಟ್ಟಿದೆ." ಆರಿಸಿ, ಪ್ಲಗ್ ಕಿತ್ತು ಬ್ರಷ್ ತಿರುಗಿಸಿ ನೋಡಿದೆ. ಅವನದೇ ಒಂದು ಕಾಲುಚೀಲ ಅರ್ಧ ಒಳಗೆ ಹೋಗಿ, ಅರ್ಧ ಹೊರಗೆ ನೇತಾಡುತ್ತಿತ್ತು.